ಫಿಲ್ಟರ್ ಹಾಕಿದ ಮೇಲೆ ಮೀನು ಸಾಯುತ್ತಿದೆಯಾ? ನೀರು ಮುಟ್ಟುವ ಒಂದೊಂದು ಸಾಮಾನನ್ನೂ ನೋಡಿ

ಒಂದು ಡ್ರಮ್, ಸ್ವಲ್ಪ ಸ್ಪಂಜು, ಸಣ್ಣ ಮೋಟಾರು, ನಾಲ್ಕು ಎಲ್ಬೋ. ಇಷ್ಟಿದ್ದರೆ ಮನೆಯಲ್ಲೇ ಮೀನಿನ ಕೊಳಕ್ಕೆ ಫಿಲ್ಟರ್ ಮಾಡಿಕೊಳ್ಳಬಹುದು, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನೀರು ತಿಳಿಯಾಗಿ ತಳದ ಕಲ್ಲು ಕಾಣುವ ಹೊತ್ತಿಗೆ ಮೀನು ಒಂದೊಂದಾಗಿ ಸಾಯತೊಡಗಿದರೆ, ಹೆಚ್ಚಿನವರು ಕಾಯಿಲೆ ಬಂದಿದೆ ಅಂದುಕೊಂಡು ಔಷಧಿ ತಂದು ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೀನಿಗೆ ಹಾಕುವ ಕೆಲವು ಔಷಧಿಗಳಲ್ಲಿ, ಪಾಚಿ ತೆಗೆಯುವ ಕೆಲವು ದ್ರಾವಣಗಳಲ್ಲಿ ತಾಮ್ರ ಇರುತ್ತದೆ. ನಿಮ್ಮ ಕೊಳದ ತೊಂದರೆಯೇ ತಾಮ್ರ ಆಗಿದ್ದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಆಗುತ್ತದೆ.

ಇದನ್ನು ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ನೀರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಾರಣ ಇದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುವ ಹಿತ್ತಾಳೆ ವಾಲ್ವು ನಮ್ಮ ಮೆದು ನೀರಿನಲ್ಲಿ ಮೀನು ಕೊಲ್ಲಬಹುದು.

ಮೊದಲು ಮೀನು ಉಳಿಸಿ

ಹುಡುಕಾಟ ಆಮೇಲೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಫಿಲ್ಟರ್ ನಿಲ್ಲಿಸಿ, ಆದರೆ ಗಾಳಿ ನಿಲ್ಲಿಸಬೇಡಿ. ಏರ್ ಪಂಪ್ ಇದ್ದರೆ ಹಾಕಿ, ಇಲ್ಲದಿದ್ದರೆ ಬಕೆಟ್‌ನಲ್ಲಿ ನೀರು ಎತ್ತಿ ಎತ್ತಿ ಹೊಯ್ಯಿರಿ. ಪ್ಲಾಸ್ಟಿಕ್ ಟಬ್ಬಿಗೆ ಬೇರೆ ನೀರು ತುಂಬಿ ಮೀನನ್ನು ಅದಕ್ಕೆ ಬಿಡಿ. ಆ ನೀರು ಅದೇ ಫಿಲ್ಟರಿನಿಂದ, ಅದೇ ವಾಲ್ವಿನಿಂದ ಬಂದದ್ದಾಗಿರಬಾರದು. ಪೇಟೆಯಲ್ಲಿದ್ದರೆ ನಲ್ಲಿ ನೀರನ್ನು ನೇರವಾಗಿ ಹಾಕಬೇಡಿ, ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಟಬ್ಬಿನಲ್ಲಿ ಒಂದು ದಿನ ಇಟ್ಟು ಗಾಳಿ ಆಡಿಸಿದರೆ ಕ್ಲೋರಿನ್ ಹೋಗುತ್ತದೆ. ಅಷ್ಟು ಹೊತ್ತು ಇಲ್ಲ ಅಂದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಿ.

ನೀರಿಗೆ ಕೈ ಹಾಕುವ ಮೊದಲು ಮೋಟಾರಿನ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನೀರಿನೊಳಗೆ ಕೂರುವ ಮೋಟಾರಿನ ಕೇಬಲ್ ಸಿಪ್ಪೆ ಬಿಟ್ಟಿದ್ದರೆ ಅಪಾಯ ಮೊದಲು ನಿಮಗೆ, ಆಮೇಲೆ ಮೀನಿಗೆ. ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಕೊಳದ ಮೋಟಾರು ಓಡಿಸಲೇಬೇಡಿ.

ಯಾವಾಗ ಶುರುವಾಯಿತು?

ಇದೇ ಮೊದಲ ಪ್ರಶ್ನೆ. ಉತ್ತರ ಸರಿಯಾಗಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಫಿಲ್ಟರ್ ಚಾಲೂ ಮಾಡಿದ ಕೆಲವೇ ಗಂಟೆಗಳಲ್ಲಿ, ಅಥವಾ ಒಂದೆರಡು ದಿನದೊಳಗೆ ಸಾಯಲು ಶುರುವಾದರೆ ಹೊಸದಾಗಿ ಸೇರಿದ್ದರ ಮೇಲೆ ಅನುಮಾನ ಪಡಿ: ಒಣಗದ ಸಲ್ಯೂಷನ್ (ಪಿವಿಸಿ ಪೈಪಿನ ಅಂಟು), ಬಾತ್‌ರೂಮಿಗೆ ಹಾಕುವ ಸಿಲಿಕೋನ್, ಹಸಿ ಸಿಮೆಂಟು, ಹಿಂದೆ ಏನೋ ತುಂಬಿಟ್ಟಿದ್ದ ಡ್ರಮ್, ಇಲ್ಲವೇ ಕ್ಲೋರಿನ್.

ಮೊದಲ ವಾರ ಚೆನ್ನಾಗಿದ್ದು ಆಮೇಲಿನ ಎರಡು ಮೂರು ವಾರಗಳಲ್ಲಿ ಸಾಯುತ್ತಿದ್ದರೆ ಪೈಪಿನ ತಪ್ಪಲ್ಲದೇ ಇರಬಹುದು. ಹೊಸ ಫಿಲ್ಟರಿನಲ್ಲಿ ಮೀನಿನ ಗಲೀಜಿನ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಮೊದಲು ಅಮೋನಿಯಾ, ಆಮೇಲೆ ನೈಟ್ರೈಟ್ ಏರುತ್ತದೆ. ಸತ್ತ ಮೀನಿನ ಕಿವಿರು ತೆರೆದು ನೋಡಿ. ಕೆಂಪಗಿರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್. ಆಗ ಆಹಾರ ನಿಲ್ಲಿಸಿ, ನೀರು ಬದಲಿಸುತ್ತಾ ಹೋಗಿ, ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ.

ಇನ್ನೊಂದು ನಮ್ಮಲ್ಲಿ ಮಳೆಗಾಲದಲ್ಲಿ ಆಗಾಗ ಆಗುವಂಥದ್ದು. ಮರ ಬಿದ್ದು ರಾತ್ರಿಯೆಲ್ಲ ಕರೆಂಟ್ ಇಲ್ಲ, ಬೆಳಿಗ್ಗೆ ಬಂದ ಕೂಡಲೇ ಮೋಟಾರು ತಾನಾಗಿಯೇ ಓಡುತ್ತದೆ. ಮುಚ್ಚಿದ ಡ್ರಮ್ಮಿನಲ್ಲಿ ಹರಿಯದೆ ನಿಂತ ನೀರಿನ ಆಮ್ಲಜನಕ ಅಷ್ಟರಲ್ಲಿ ಮುಗಿದು, ಬ್ಯಾಕ್ಟೀರಿಯಾ ಸತ್ತು, ಕೊಳೆತ ಮೊಟ್ಟೆಯ ವಾಸನೆಯ ನೀರು ಪೂರ್ತಿ ಕೊಳಕ್ಕೆ ಬೀಳುತ್ತದೆ. ಇದಕ್ಕೆ ಪೈಪ್ ಬದಲಿಸಿ ಪ್ರಯೋಜನವಿಲ್ಲ. ಡ್ರಮ್ಮಿನ ಬುಡದಲ್ಲಿ ಒಂದು ಡ್ರೈನ್ ವಾಲ್ವು ಇಡಿ. ಹೆಚ್ಚು ಹೊತ್ತು ಕರೆಂಟ್ ಹೋಗಿದ್ದರೆ ಆ ನೀರನ್ನು ತೋಟಕ್ಕೆ ಬಿಟ್ಟು ಆಮೇಲೆ ಮೋಟಾರು ಹಾಕಿ.

ಈ ಮೂರೂ ಅಲ್ಲ, ತಿಂಗಳುಗಟ್ಟಲೆ ಚೆನ್ನಾಗಿದ್ದ ಕೊಳದಲ್ಲಿ ಆಗೊಂದು ಈಗೊಂದು ಮೀನು ಸಾಯುತ್ತಿದೆ, ಮೈಮೇಲೆ ಲೋಳೆ ಜಾಸ್ತಿ, ರೆಕ್ಕೆ ಮಡಚಿ ಮೂಲೆಯಲ್ಲಿ ನಿಲ್ಲುತ್ತದೆ, ಮಳೆ ಬಂದ ಮೇಲಂತೂ ಹೆಚ್ಚಾಗುತ್ತದೆ ಅಂತಾದರೆ ಲೋಹದ ಕಡೆ ನೋಡಿ. ಇಲ್ಲಿ ಒಂದು ಒಳ್ಳೆಯ ಗುರುತಿದೆ. ಕೊಳದ ಗೋಡೆಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳು ಇನ್ನೂ ಇವೆಯಾ? ತಾಮ್ರ ಮೀನಿಗಿಂತ ಮೊದಲು ಬಸವನಹುಳು, ಸಿಗಡಿಯಂಥವನ್ನು ಕೊಲ್ಲುತ್ತದೆ. ಚಿಪ್ಪೆಲ್ಲ ಖಾಲಿಯಾಗಿ ತಳದಲ್ಲಿ ಬಿದ್ದಿದ್ದರೆ ತಾಮ್ರದ ಅನುಮಾನ ಗಟ್ಟಿ.

ನಮ್ಮ ನೀರೇ ಯಾಕೆ ಹೀಗೆ

ಮಳೆ ಜಾಸ್ತಿ, ಮಣ್ಣು ಜಂಬಿಟ್ಟಿಗೆಯದ್ದು, ಅದರಲ್ಲಿದ್ದ ಸುಣ್ಣದ ಅಂಶ ಎಂದೋ ತೊಳೆದು ಹೋಗಿದೆ. ಹಾಗಾಗಿ ನಮ್ಮ ಬಾವಿ ನೀರು, ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಸಾಮಾನ್ಯವಾಗಿ ತುಂಬಾ ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದಿಲ್ಲ, ನೋಡಿರುತ್ತೀರಿ. ಕುಡಿಯಲು ಅಮೃತ. ಮೀನಿಗೂ ಒಳ್ಳೆಯದೇ, ಲೋಹ ಸೇರದಿದ್ದರೆ.

ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಮೀನಿನ ಕಿವಿರಿನ ಮೇಲೆ ಕೂತು ತಾಮ್ರ, ಸತುವಿಗೆ ಜಾಗ ಬಿಡುವುದಿಲ್ಲ. ಮೆದು ನೀರಿನಲ್ಲಿ ಆ ಅಡ್ಡಿ ಇಲ್ಲ, ಲೋಹ ನೇರವಾಗಿ ಕಿವಿರು ಸೇರುತ್ತದೆ. ಜೊತೆಗೆ ನೀರು ಸ್ವಲ್ಪ ಹುಳಿ ಕಡೆಗಿದ್ದರೆ, ಅಂದರೆ ಪಿಎಚ್ 7ಕ್ಕಿಂತ ಕೆಳಗಿದ್ದರೆ, ಪೈಪಿನಿಂದ ಲೋಹ ಬೇಗ ಕರಗುತ್ತದೆ. ಎರಡು ಕಡೆಯಿಂದಲೂ ಪೆಟ್ಟು.

ತಾಮ್ರದ ಬಿಂದಿಗೆಯ ನೀರು ಆರೋಗ್ಯಕ್ಕೆ ಒಳ್ಳೆಯದು ಅಂತಾರಲ್ಲ, ಮೀನಿಗೇನಾಗುತ್ತದೆ ಅಂತ ಕೇಳುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರ ಕುಡಿಯುವ ನೀರಿಗೆ ಹೇಳುವ ಮಿತಿ ಲೀಟರಿಗೆ 2 ಮಿಲಿಗ್ರಾಂ ತಾಮ್ರ. ಮೆದು ನೀರಿನಲ್ಲಿ ಅದರ ಹತ್ತನೇ ಒಂದು ಪಾಲೂ ಮೀನಿಗೆ ಅಪಾಯ. ನಾವು ನೀರು ಕುಡಿಯುತ್ತೇವೆ ಅಷ್ಟೇ, ಮೀನು ಇಪ್ಪತ್ತನಾಲ್ಕು ಗಂಟೆಯೂ ಅದನ್ನು ಕಿವಿರಿನ ಮೂಲಕ ಹಾಯಿಸುತ್ತಿರುತ್ತದೆ.

ನೀರು ಹೋಗುವ ದಾರಿಯಲ್ಲೇ ನೀವೂ ಹೋಗಿ

ಕೊಳದಲ್ಲಿ ನೀರು ಎಲ್ಲಿಂದ ಮೋಟಾರಿಗೆ ಹೋಗುತ್ತದೋ ಅಲ್ಲಿಂದ ಶುರು ಮಾಡಿ, ವಾಪಸ್ ಬೀಳುವ ಜಾಗದವರೆಗೆ ಒಂದೊಂದೇ ಭಾಗ ಬಿಚ್ಚಿ ನೋಡಿ. ನಡುವೆ ಯಾವುದನ್ನೂ ಬಿಡಬೇಡಿ.

ಹೊರಗೆ ಕೂರುವ ಮೋಟಾರು ಆದರೆ ಹೀರುವ ಪೈಪಿನ ತುದಿಯಲ್ಲಿ ಫುಟ್ ವಾಲ್ವ್ ಇರುತ್ತದೆ. ಹಳೆಯದು ಬಹಳ ಸಲ ಹಿತ್ತಾಳೆಯದೇ, ಮೇಲೆ ಕೆಸರು ಕೂತಿರುವುದರಿಂದ ಗೊತ್ತಾಗುವುದಿಲ್ಲ. ಉಗುರಿನಿಂದ ಕೆರೆದರೆ ಹಳದಿ ಹೊಳಪು ಕಾಣುತ್ತದೆ. ಒಳಗಿನ ಜಾಲರಿಯ ಮೂಲೆಗಳಲ್ಲಿ ಹಸಿರು ಪುಡಿ ಕೂತಿದ್ದರೆ ತಾಮ್ರ ಕರಗುತ್ತಿದೆ ಅಂತಲೇ ಅರ್ಥ. ಅದನ್ನು ಪ್ಲಾಸ್ಟಿಕ್ ಫುಟ್ ವಾಲ್ವಿಗೆ ಬದಲಿಸಿ.

ಮೋಟಾರಿಗೆ ಬನ್ನಿ. ಸಬ್‌ಮರ್ಸಿಬಲ್‌ಗಳಲ್ಲಿ ಎಣ್ಣೆ ತುಂಬಿದವು, ನೀರು ತುಂಬಿದವು ಅಂತ ಎರಡು ಬಗೆ. ಎಣ್ಣೆಯದು ಸೀಲ್ ಹೋದರೆ ಕೊಳಕ್ಕೆ ಎಣ್ಣೆ ಬಿಡುತ್ತದೆ. ಆದರೆ ನೀರಿನ ಮೇಲೆ ಬಣ್ಣಬಣ್ಣದ ಪದರ ಕಂಡ ಕೂಡಲೇ ಮೋಟಾರನ್ನು ದೂರಬೇಡಿ. ನಮ್ಮ ಕೆಂಪು ಮಣ್ಣಿನ ನೀರಿನಲ್ಲಿ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಕೂಡ ಥೇಟ್ ಎಣ್ಣೆಯ ಥರದ್ದೇ ಪದರ ಕಟ್ಟುತ್ತದೆ, ಗದ್ದೆ ಬದುವಿನ ಒರತೆಯಲ್ಲಿ ನೋಡಿರುತ್ತೀರಿ. ಒಂದು ಕಡ್ಡಿ ತಗೊಂಡು ಪದರದ ನಡುವೆ ಎಳೆಯಿರಿ. ಚೂರು ಚೂರಾಗಿ ಒಡೆದು ಹಾಗೇ ದೂರ ನಿಂತರೆ ಬ್ಯಾಕ್ಟೀರಿಯಾ, ಅದರಿಂದ ತೊಂದರೆ ಇಲ್ಲ. ಸುತ್ತಿಕೊಂಡು ಮತ್ತೆ ಕೂಡಿಕೊಂಡರೆ ಎಣ್ಣೆ, ಮೋಟಾರು ಹೊರಗೆ ತೆಗೆಯಿರಿ.

ಆಮೇಲೆ ಪೈಪು, ವಾಲ್ವು. ಜಿಐ ಪೈಪ್ ಒಂದು ಅಡಿ ಇದ್ದರೂ ಬೇಡ, ಅದರ ಮೇಲಿನ ಸತುವಿನ ಲೇಪ ಮೆದು ನೀರಿನಲ್ಲಿ ಕರಗುತ್ತದೆ, ಸತುವೂ ಮೀನಿಗೆ ವಿಷವೇ. ಹಿತ್ತಾಳೆ ಗೇಟ್ ವಾಲ್ವು ಎದ್ದು ಕಾಣುತ್ತದೆ. ಆದರೆ ಕಣ್ತಪ್ಪಿಸುವುದು ಬಾತ್‌ರೂಮಿಗೆ ಬಳಸುವ ಎಲ್ಬೋ ಮತ್ತು ಟೀ. ಹೊರಗಿನಿಂದ ಪೂರ್ತಿ ಪ್ಲಾಸ್ಟಿಕ್, ಒಳಗೆ ನಲ್ಲಿ ತಿರುಗಿಸುವ ಜಾಗದಲ್ಲಿ ಹಿತ್ತಾಳೆ ಮರೆ (ತಿರುಪಿನ ಸುತ್ತು). ಮನೆ ಕಟ್ಟಿ ಉಳಿದ ಸಾಮಾನಿನಲ್ಲಿ ಫಿಲ್ಟರ್ ಮಾಡಿದವರು ಇದನ್ನು ಖಂಡಿತ ನೋಡಬೇಕು. ಹೋಸ್ ಕ್ಲಿಪ್ಪು ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ.

ಮಳೆ ನೀರು ಕೊಳಕ್ಕೆ ಬೀಳುತ್ತದೆಯಾ ಅಂತಲೂ ನೋಡಿ. ಕೊಟ್ಟಿಗೆಯ ಜಿಂಕ್ ಶೀಟಿನಿಂದ ಇಳಿಯುವ ನೀರನ್ನು ಕೊಳಕ್ಕೆ ತಿರುಗಿಸಿದ್ದರೆ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಸತುವು ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಸಾಯುವ ಕೊಳಗಳಲ್ಲಿ ಇದನ್ನು ಮೊದಲು ಪರೀಕ್ಷಿಸಿ. ಹಂಚಿನ ಮಾಡಿನ ನೀರಿಗೆ ಈ ತೊಂದರೆ ಇಲ್ಲ.

ಅಡಿಕೆ ತೋಟದ ಸಾಮಾನು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದ ಮುಂಚೆ ಒಮ್ಮೆ, ಮತ್ತೆ 40–45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದರ ತೂಕದ ಕಾಲು ಭಾಗ ತಾಮ್ರವೇ. ಆ ದ್ರಾವಣ ಕಲಸಿದ ಡ್ರಮ್ಮು, ಹೊಡೆದ ಹೋಸು, ಕದಡಿದ ಕೋಲು, ಎಲ್ಲವೂ ವರ್ಷದ ಉಳಿದ ದಿನ ಸುಮ್ನೆ ಬಿದ್ದಿರುತ್ತವೆ. ಫಿಲ್ಟರ್ ಮಾಡೋಣ ಅಂದ ಕೂಡಲೇ ಕಣ್ಣಿಗೆ ಬೀಳುವುದು ಅದೇ ನೀಲಿ ಡ್ರಮ್ಮು.

ಬಗ್ಗಿ ಅದರ ಒಳಗೆ ಟಾರ್ಚ್ ಬಿಟ್ಟು ನೋಡಿ. ತೊಳೆದು ಚೊಕ್ಕ ಮಾಡಿದ್ದರೂ ಬುಡದ ಅಂಚಿನ ಸುತ್ತ, ಬಾಯಿಯ ಮರೆಯ ಸಂದಿನಲ್ಲಿ ತೆಳು ನೀಲಿ ಬಿಳಿ ಪದರ ಅಂಟಿಕೊಂಡಿರುತ್ತದೆ. ಸುಣ್ಣ ಸೇರಿರುವುದರಿಂದ ಅದು ಬರೀ ನೀರಿಗೆ ಬೇಗ ಬಿಡುವುದಿಲ್ಲ. ಕೊಳದ ಹುಳಿ ನೀರು ದಿನವೂ ಹರಿಯುತ್ತಿದ್ದರೆ ಮಾತ್ರ ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಅದಕ್ಕೇ ಮೊದಲ ವಾರ ಏನೂ ಆಗದೆ ಆಮೇಲೆ ಮೀನು ಸಾಯುವುದು. ಆ ಡ್ರಮ್ಮನ್ನು ತೊಳೆದು ಉಪಯೋಗಿಸುವ ಪ್ರಯತ್ನವೇ ಬೇಡ. ಬೇರೆ ಕೀಟನಾಶಕ, ಕಳೆನಾಶಕ ತುಂಬಿದ್ದ ಡ್ರಮ್ಮು ಇನ್ನೂ ಕೆಟ್ಟದ್ದು, ಪ್ಲಾಸ್ಟಿಕ್ಕು ಆ ವಿಷವನ್ನು ಹೀರಿಕೊಂಡಿರುತ್ತದೆ.

ಬೋರ್ಡೋ ಹದ ನೋಡಲು ಹೊಳೆಯುವ ಕತ್ತಿ ಅದ್ದಿ, ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಗೊತ್ತು ಮಾಡುತ್ತೇವಲ್ಲ, ಅದೇ ಪರೀಕ್ಷೆಯನ್ನು ಕೊಳದ ನೀರಿಗೂ ಮಾಡಿ ‘ಕತ್ತಿ ಕೆಂಪಾಗಲಿಲ್ಲ, ತಾಮ್ರ ಇಲ್ಲ’ ಅನ್ನುವವರಿದ್ದಾರೆ. ಅದು ಇಲ್ಲಿ ನಡೆಯುವುದಿಲ್ಲ. ಕತ್ತಿಗೆ ಬಣ್ಣ ಹತ್ತುವಷ್ಟು ತಾಮ್ರ ಇದ್ದ ನೀರಿನಲ್ಲಿ ಒಂದು ಮೀನೂ ಉಳಿದಿರುವುದಿಲ್ಲ.

ಕೊಳ ಅಡಿಕೆ ಮರದ ಕೆಳಗೇ ಇದ್ದರೆ ಔಷಧಿ ಹೊಡೆಯುವ ದಿನ ಟಾರ್ಪಾಲ್ ಮುಚ್ಚಿ. ಸೋಗೆಯಿಂದ ಮೊದಲ ಒಂದೆರಡು ಜೋರು ಮಳೆಯ ನೀರು ಇಳಿದು ಹೋಗುವ ತನಕ ತೆಗೆಯಬೇಡಿ. ಪಕ್ಕದಿಂದ ಗಾಳಿ ಆಡಲು ಜಾಗ ಬಿಡಿ.

ಅನುಮಾನ ನಿಜವಾ ಅಂತ ನೋಡುವ ಬಗೆ

ಅಕ್ವೇರಿಯಂ ಅಂಗಡಿಯಲ್ಲಿ ತಾಮ್ರದ ಟೆಸ್ಟ್ ಕಿಟ್ ಸಿಗುತ್ತದೆ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಕೊಳದ ನೀರನ್ನು ನೇರವಾಗಿ ನೋಡಿದರೆ ಒಮ್ಮೊಮ್ಮೆ ಸಿಗುವುದಿಲ್ಲ, ಕೊಳದಲ್ಲಿ ಅದು ತೆಳುವಾಗಿ ಹರಡಿರುತ್ತದೆ. ಅದಕ್ಕೆ ಹೀಗೆ ಮಾಡಿ. ಎರಡು ಹೊಸ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಎರಡಕ್ಕೂ ಬಾವಿಯಿಂದ ನೇರ ಸೇದಿದ ನೀರು ತಲಾ ಎರಡು ಲೀಟರ್ ಹಾಕಿ. ಒಂದರಲ್ಲಿ ಅನುಮಾನದ ವಾಲ್ವು ಅಥವಾ ಎಲ್ಬೋ ಮುಳುಗಿಸಿ, ಇನ್ನೊಂದನ್ನು ಹಾಗೇ ಬಿಡಿ. ಎರಡು ದಿನ ಬಿಟ್ಟು ಎರಡನ್ನೂ ಟೆಸ್ಟ್ ಮಾಡಿ. ಹಾಗೇ ಬಿಟ್ಟ ಡಬ್ಬಿಯಲ್ಲಿ ಏನೂ ಇಲ್ಲದೆ ವಾಲ್ವಿನ ಡಬ್ಬಿಯಲ್ಲಿ ಬಣ್ಣ ಬಂದರೆ ಕಳ್ಳ ಸಿಕ್ಕಿದ. ಎರಡರಲ್ಲೂ ಬಂದರೆ ನಿಮ್ಮ ನೀರಿನ ಮೂಲದಲ್ಲೇ ಏನೋ ಇದೆ, ಬಾವಿಯ ಮೋಟಾರಿನ ವಾಲ್ವು ನೋಡಿ.

ಪ್ಲಾಸ್ಟಿಕ್ ಪೈಪಿಗೆ ಮೂಗೇ ಕಿಟ್. ಒಂದು ಮಾರು ಪೈಪ್ ಕತ್ತರಿಸಿ, ನೀರು ತುಂಬಿ, ಎರಡೂ ತುದಿ ಬಿಗಿದು ಬಿಸಿಲಲ್ಲಿ ಒಂದು ದಿನ ಇಡಿ. ಬಿಚ್ಚಿದಾಗ ಟಯರ್ ಅಂಗಡಿಯ ವಾಸನೆ ಹೊಡೆದರೆ ಆ ಪೈಪ್ ತೋಟದ ನೀರಿಗಿರಲಿ, ಮೀನಿಗೆ ಬೇಡ.

ಹಾಗಾದರೆ ಏನು ತರಬೇಕು

ಅಂಗಡಿಯಲ್ಲಿ ‘ಪಿವಿಸಿ ಪೈಪ್ ಕೊಡಿ’ ಅಂದರೆ ಮೂರು ಬಗೆಯದು ಕೊಡಬಹುದು. ‘ಅಣ್ಣ, ಕುಡಿಯೋ ನೀರಿಂದು ಕೊಡಿ, ಕರೆಂಟ್ ಪೈಪ್ ಬೇಡ’ ಅಂತ ಬಿಡಿಸಿ ಕೇಳಿ. ಪೈಪಿನ ಮೇಲೆ ಐಎಸ್ 4985 ಅಂತ ಅಚ್ಚಾಗಿದ್ದರೆ ಕುಡಿಯುವ ನೀರಿನದ್ದು. ಐಎಸ್ 13592 ಇದ್ದರೆ ಅದು ಬಚ್ಚಲು, ಸಂಡಾಸಿನ ಕೊಳೆ ನೀರಿನದ್ದು. ಐಎಸ್ 9537 ವೈರಿಂಗಿನ ಪೈಪು. ಹಳೆಯ ಪಿವಿಸಿಯಲ್ಲಿ ಸೀಸದ ಅಂಶ ಬಳಸುತ್ತಿದ್ದರು, 2021ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಕಡಿವಾಣ ಹಾಕುವ ನಿಯಮ ತಂದಿದೆ. ಹಾಗಾಗಿ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದ ಪೈಪಿಗಿಂತ ಹೊಸದೇ ವಾಸಿ.

ಗುಡ್ಡದಿಂದ ನೀರು ತರಲು ಹಾಕುವ ಕರಿ ಪೈಪ್ ಕೂಡ ಒಳ್ಳೆಯದೇ, ಐಎಸ್ 4984 ಗುರುತಿರಬೇಕು. ಗುರುತಿಲ್ಲದ ಅಗ್ಗದ ಕರಿ ಪೈಪ್ ಯಾವ ಯಾವ ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದೋ ಗೊತ್ತಾಗುವುದಿಲ್ಲ. ಹೂದೋಟದ ಮೆತ್ತನೆ ಹಸಿರು ಹೋಸನ್ನು ಕಾಯಂ ಆಗಿ ಜೋಡಿಸಬೇಡಿ, ಅದನ್ನು ಮೆತ್ತಗೆ ಮಾಡಲು ಹಾಕಿದ ರಾಸಾಯನಿಕ ನೀರಿಗೆ ಬಿಡುತ್ತದೆ. ಬಾಲ್ ವಾಲ್ವು, ಯೂನಿಯನ್, ಟ್ಯಾಂಕ್ ನಿಪ್ಪಲ್ ಎಲ್ಲ ಪೂರ್ತಿ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಮರೆಗೆ ಟೆಫ್ಲಾನ್ ಟೇಪ್ ಸಾಕು, ಸೆಣಬು ಮತ್ತು ಬಣ್ಣದ ಪೇಸ್ಟ್ ಬೇಡ.

ಡ್ರಮ್ಮಿನ ಬದಲು ಐಎಸ್ 12701 ಗುರುತಿನ ಸಣ್ಣ ನೀರಿನ ಟ್ಯಾಂಕ್ ತಗೊಳ್ಳಿ. ಒಳಗೆ ತುಂಬಲು ಶೇಡ್ ನೆಟ್ ಸುರುಳಿ, ಕತ್ತರಿಸಿದ ಹೊಸ ಡ್ರಿಪ್ ಪೈಪಿನ ಚೂರು, ತೊಳೆದ ಜಲ್ಲಿ, ಬಣ್ಣ ಹಚ್ಚದ ಹಂಚಿನ ಚೂರು, ಯಾವುದಾದರೂ ಆಗುತ್ತದೆ. ಜಂಬಿಟ್ಟಿಗೆ ಚೂರು ಕರಗಿ ನೀರು ಕೆಂಪಾಗುತ್ತದೆ. ಹಳೆ ಹಾಸಿಗೆಯ ಫೋಮು, ಪಾತ್ರೆ ತಿಕ್ಕುವ ಲೋಹದ ಗುಂಜು ಬೇಡವೇ ಬೇಡ.

ಅಂಟು ಮತ್ತು ಸಿಮೆಂಟು

ಸಲ್ಯೂಷನ್ ಹಾಕಿದ ಜಾಯಿಂಟನ್ನು ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಒಣಗಲು ಬಿಡಿ. ಎರಡು ತುದಿಯೂ ತೆರೆದಿರಲಿ, ಒಳಗಿನ ಘಾಟು ಹೋಗಬೇಕು. ಆಮೇಲೆ ನೀರು ಹರಿಸಿ ಆ ನೀರನ್ನು ಹೊರಗೆ ಚೆಲ್ಲಿ.

ಸಿಲಿಕೋನ್ ತರುವಾಗ ‘ಆಂಟಿ ಫಂಗಲ್’ ಅಥವಾ ಬಾತ್‌ರೂಮಿಗೆ ಅಂತ ಬರೆದದ್ದು ಬೇಡ, ಬೂಷ್ಟು ಬರದಂತೆ ಅದಕ್ಕೆ ವಿಷ ಸೇರಿಸಿರುತ್ತಾರೆ. ಗಾಜಿನ ಅಕ್ವೇರಿಯಂ ಅಂಟಿಸುವ, ವಿನೆಗರ್ ವಾಸನೆಯದ್ದು ತಗೊಳ್ಳಿ. ಆ ವಾಸನೆ ಪೂರ್ತಿ ಹೋಗುವ ತನಕ ನೀರು ತಾಗಿಸಬೇಡಿ.

ಹೊಸ ಸಿಮೆಂಟ್ ತೊಟ್ಟಿ ಸುಣ್ಣ ಬಿಡುತ್ತದೆ. ನಮ್ಮ ಮೆದು ನೀರು ಅದನ್ನು ತಡೆದುಕೊಳ್ಳಲಾರದು, ಪಿಎಚ್ ಒಮ್ಮೆಲೇ 9, 10 ದಾಟುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ: 7ರಲ್ಲಿ ಅದರ ನೂರರಲ್ಲಿ ಒಂದು ಪಾಲೂ ವಿಷ ರೂಪದಲ್ಲಿ ಇರುವುದಿಲ್ಲ, 9ರಲ್ಲಿ ಮೂರನೇ ಒಂದು ಭಾಗ ಹಾಗಿರುತ್ತದೆ. ತೊಟ್ಟಿಗೆ ನೀರು ತುಂಬಿ, ಬಾಳೆದಿಂಡು ಕೊಚ್ಚಿ ಹಾಕಿ, ಕೊಳೆತ ಮೇಲೆ ಖಾಲಿ ಮಾಡಿ ತಿಕ್ಕಿ ತೊಳೆಯುವ ನಮ್ಮ ಹಳೇ ಕ್ರಮ ಒಳ್ಳೆಯದೇ. ಆದರೆ ಕೊನೆಗೆ ಪಿಎಚ್ ಕಾಗದ ಅದ್ದಿ 8ರ ಕೆಳಗೆ ನಿಂತಿದೆ ಅಂತ ನೋಡಿಕೊಂಡೇ ಮೀನು ಬಿಡಿ.

ತಪ್ಪು ಸಿಕ್ಕಿತು, ಮುಂದೆ?

ಕೆಟ್ಟ ಭಾಗ ತೆಗೆದ ಮಾತ್ರಕ್ಕೆ ಮುಗಿಯಲಿಲ್ಲ. ಸ್ಪಂಜು, ಕೆಸರು ತಾಮ್ರವನ್ನು ಹಿಡಿದಿಟ್ಟುಕೊಂಡಿರುತ್ತವೆ, ಅವನ್ನು ಎಸೆಯಿರಿ. ದಿನಕ್ಕೆ ಕಾಲು ಭಾಗ ನೀರು ಬದಲಿಸುತ್ತಾ ಹೋಗಿ, ಒಂದೇ ಸಲ ಪೂರ್ತಿ ಬದಲಿಸಿದರೆ ಮೀನು ತಡೆಯುವುದಿಲ್ಲ. ಆಕ್ಟಿವೇಟೆಡ್ ಕಾರ್ಬನ್ ಒಂದು ಚೀಲ ಹಾಕಿದರೆ ಸ್ವಲ್ಪ ಸಹಾಯ ಆಗುತ್ತದೆ.

ಜೊತೆಗೆ ಕರಾವಳಿಯಿಂದ ಬರುವ ಕಪ್ಪೆಚಿಪ್ಪನ್ನು ಚೆನ್ನಾಗಿ ತೊಳೆದು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ನೀರು ಹುಳಿಯಾದಾಗ ಅದು ನಿಧಾನಕ್ಕೆ ಕರಗಿ ಕ್ಯಾಲ್ಸಿಯಂ ಕೊಡುತ್ತದೆ. ಇದು ಬರೀ ಲೋಹಕ್ಕೆ ಅಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ನೀರಿನ ಕ್ಷಾರ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಅದು ಮೊದಲೇ ಕಡಿಮೆ, ಮುಗಿದ ಮೇಲೆ ಪಿಎಚ್ 6ಕ್ಕೆ ಇಳಿದು ಫಿಲ್ಟರೇ ಮಂದವಾಗುತ್ತದೆ. ಸುಟ್ಟ ಸುಣ್ಣವನ್ನು ಮಾತ್ರ ಕೊಳಕ್ಕೆ ಹಾಕಬೇಡಿ, ಪಿಎಚ್ ಹಾರಿ ಹೋಗುತ್ತದೆ.

ಹೊಸ ಸಾಮಾನು ಜೋಡಿಸಿದ ಮೇಲೆ ಎರಡು ದಿನ ಫಿಲ್ಟರನ್ನು ಬೇರೆ ಟಬ್ಬಿನ ನೀರಿಗೆ ಓಡಿಸಿ. ಆ ಟಬ್ಬಿನಲ್ಲಿ ನಾಲ್ಕಾರು ಬಸವನಹುಳು ಬಿಡಿ. ಅವು ಗೋಡೆ ಹತ್ತಿ ಓಡಾಡಿಕೊಂಡಿದ್ದರೆ ಕೊಳಕ್ಕೆ ಜೋಡಿಸಿ. ಚಿಪ್ಪಿನೊಳಗೆ ಸೇರಿ ಉದುರಿದರೆ ಇನ್ನೂ ಯಾವುದೋ ಭಾಗ ಉಳಿದಿದೆ, ಮತ್ತೆ ಹುಡುಕಿ.

ಎಲ್ಲ ಸರಿಯಾದ ಮೇಲೆ ಫಿಲ್ಟರಿನ ಟ್ಯಾಂಕು, ಕೊಳಕ್ಕೆ ಬಳಸುವ ಬಕೆಟ್ಟು, ಹೋಸು ಎಲ್ಲದರ ಮೇಲೂ ದೊಡ್ಡದಾಗಿ ‘ಮೀನಿಗೆ ಮಾತ್ರ’ ಅಂತ ಬಣ್ಣದಲ್ಲಿ ಬರೆಯಿರಿ. ಅಕ್ಷರ ಹೊರಗಡೆ ಇರಲಿ. ಔಷಧಿ ಹೊಡೆಯಲು ಬಂದವರು ಕೈಗೆ ಸಿಕ್ಕಿದ ಬಕೆಟ್ಟಿನಲ್ಲೇ ಮೈಲುತುತ್ತ ಕರಗಿಸುತ್ತಾರೆ, ಅದಕ್ಕೆ ಅವರಿಗೂ ಹಿಂದಿನ ದಿನವೇ ಒಂದು ಮಾತು ಹೇಳಿಡಿ.